ಡಿಕ್ಕಿ ಊಟದ ದಿನ ನಾನು ಬಂಗುಡೆ ಸುಟ್ಟದ್ದು

ಬಂಗುಡೆ ಸುಡುವುದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಕೆಳಗೆ ಬೆಂಕಿ, ಮೇಲೆ ಮೀನು. ಇಬ್ಬರಿಗೂ ಪರಿಚಯ ಮಾಡಿಸಿ ನಾವು ಪಕ್ಕಕ್ಕೆ ನಿಂತರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಪರೀಕ್ಷಿಸಿ ನೋಡುವ ಅಗತ್ಯವೇ ನನಗೆ ಕಂಡಿರಲಿಲ್ಲ. ಪರೀಕ್ಷೆಯ ದಿನ ಬಂದಾಗ ನಾನೊಬ್ಬನೇ ಫೇಲಾಗಲಿಲ್ಲ. ಎರಡು ಕ್ರಿಕೆಟ್ ತಂಡಗಳನ್ನೂ ಜೊತೆಗೆ ಫೇಲು ಮಾಡಿಸಿದೆ.

ದುಬೈಯಲ್ಲಿರುವ ನಮ್ಮ ಊರಿನವರದ್ದೊಂದು ತಂಡ, ಅಬುಧಾಬಿಯಲ್ಲಿರುವ ನಮ್ಮ ಊರಿನವರದ್ದೊಂದು ತಂಡ. ಊರು ಎಂದರೆ ಉಡುಪಿಯಿಂದ ಮಂಗಳೂರಿನವರೆಗೆ ಹೈವೇಯ ಎರಡೂ ಬದಿ. ಚಳಿಗಾಲ ಬಂತೆಂದರೆ ಅಬುಧಾಬಿಯ ಖಲೀಫಾ ಸಿಟಿಯ ಆಚೆ ಒಂದು ಬಯಲಿನಲ್ಲಿ ಇವರಿಬ್ಬರಿಗೂ ಟೆನ್ನಿಸ್ ಚೆಂಡಿನ ಪಂದ್ಯ. ಪಂದ್ಯ ಒಂದು ನೆಪ. ಜನ ಬರುವುದು ಡಿಕ್ಕಿ ಊಟಕ್ಕೆ. ಕಾರುಗಳನ್ನು ಹಿಮ್ಮುಖವಾಗಿ ಎದುರುಬದುರು ಸಾಲಿನಲ್ಲಿ ನಿಲ್ಲಿಸಿ ಡಿಕ್ಕಿ ಎತ್ತಿದರೆ ಅದೇ ಅಡುಗೆಮನೆ, ಅದೇ ಬಡಿಸುವ ಮೇಜು. ಒಂದು ಡಿಕ್ಕಿಯಲ್ಲಿ ನೀರುದೋಸೆ, ಇನ್ನೊಂದರಲ್ಲಿ ಕೋಳಿ ಸುಕ್ಕ, ಅದರಾಚೆ ಬ್ಯಾರಿ ಮನೆಯ ಅಕ್ಕಿರೊಟ್ಟಿ, ಅಂದರೆ ಪತ್ತಿರ್. ತಟ್ಟೆ ಹಿಡಿದು ಡಿಕ್ಕಿಯಿಂದ ಡಿಕ್ಕಿಗೆ ನಡೆಯುತ್ತಾ ಉಣ್ಣಬೇಕು. ಯಾರ ಡಿಕ್ಕಿಯನ್ನಾದರೂ ಮರೆತು ದಾಟಿದಿರೋ, ಆ ಮನೆಯ ಹೆಂಗಸರು ಮುಂದಿನ ಚಳಿಗಾಲದವರೆಗೆ ನಿಮ್ಮ ಫೋನ್ ಎತ್ತುವುದಿಲ್ಲ.

ಸಾಲುಗಳ ಮಧ್ಯೆ ಕೆಂಡ. ಕೆಂಡದ ಪಕ್ಕದಲ್ಲಿ ಇಕ್ಕಳ ಹಿಡಿದ ಶೇಖರಣ್ಣ.

ಶೇಖರಣ್ಣ ಯಾರೆಂದು ಹೇಳಲೇಬೇಕು. ನಾನು ಹೊಸದಾಗಿ ದುಬೈಗೆ ಬಂದಾಗ ಇಂಟರ್‌ನ್ಯಾಷನಲ್ ಸಿಟಿಯ ಒಂದು ಬ್ಯಾಚುಲರ್ ರೂಮಿನಲ್ಲಿ ನನ್ನದು ಮೇಲಿನ ಮಂಚ, ಅವರದ್ದು ಕೆಳಗಿನದು. ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಬಂದ ಮೊದಲ ವಾರಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಅನ್ನದ ಮುಂದೆ ಕೂತು ಗೋಡೆ ನೋಡುತ್ತಿದ್ದೆ. ಅದನ್ನು ಗಮನಿಸಿದ ಶೇಖರಣ್ಣ ಒಂದು ರಜಾದಿನ ಕಂಪನಿಯ ಪಿಕಪ್ ಕೇಳಿ ತಂದರು. ಯಾರೋ ಎಸೆದಿದ್ದ ಫ್ರಿಜ್ಜಿನ ಕಂಬಿತಟ್ಟೆಯನ್ನು ಉಜ್ಜಿ ಉಜ್ಜಿ ತೊಳೆದು, ನಾಲ್ಕು ಕಲ್ಲಿನ ಮೇಲಿಟ್ಟು, ತೆಂಗಿನಕಾಯಿಯ ಗೆರಟೆ ಉರಿಸಿ ಕೆಂಡ ಮಾಡಿ, ಬಂಗುಡೆ ಸುಟ್ಟರು. ಪಿಕಪ್ಪಿನ ಹಿಂಬಾಗಿಲು ಇಳಿಸಿ ನನ್ನನ್ನು ಅದರ ಮೇಲೆ ಕೂರಿಸಿ, ಒಂದು ಹಳೆಯ ಪೇಪರಿನಲ್ಲಿ ಮೀನು ಇಟ್ಟು, "ತಿನ್ನು ಮಾರಾಯ, ಬಿಸಿ ಇರುವಾಗ ತಿನ್ನು" ಎಂದರು. ತಿಂದೆ. ಬೆರಳು ಸುಟ್ಟಿತು, ನಾಲಿಗೆ ಸುಟ್ಟಿತು, ಆದರೆ ಅಂದಿನಿಂದ ಗೋಡೆ ನೋಡುವುದು ನಿಂತಿತು.

ನಮ್ಮ ಡಿಕ್ಕಿ ಊಟ ಶುರುವಾದದ್ದು ಆ ಪಿಕಪ್ಪಿನಿಂದ. ಆಮೇಲೆ ಒಬ್ಬೊಬ್ಬರಾಗಿ ಸೇರಿದರು. ಮದುವೆಯಾದರು, ಮಕ್ಕಳಾದವು, ಸೆಕೆಂಡ್ ಹ್ಯಾಂಡ್ ಕಾರುಗಳು ಬಂದವು, ಬಟನ್ ಒತ್ತಿದರೆ ತಾನೇ ಮೇಲೇಳುವ ಡಿಕ್ಕಿಯ ಕಾರುಗಳೂ ಬಂದವು. ಎಲ್ಲ ಬದಲಾದರೂ ಶೇಖರಣ್ಣ ಕೆಂಡದ ಪಕ್ಕದಿಂದ ಅಲುಗಾಡಲಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ ಅವರು ಅಲ್ ಬರ್ಷಾದ ನಮ್ಮ ಫ್ಲ್ಯಾಟಿಗೆ ಬಂದರು. ಚಪ್ಪಲಿ ಬಿಡುತ್ತಲೇ ಹೇಳಿದರು.

"ಕಂಪನಿಯಲ್ಲಿ ಖಲಾಸ್ ಆಯ್ತು ದಿನೇಶ. ಪ್ರಾಯ ಆಯ್ತಲ್ಲ, ಮುಂದಿನ ತಿಂಗಳು ವೀಸಾ ಕ್ಯಾನ್ಸಲ್. ಈ ಸಲದ ಮ್ಯಾಚ್ ಮುಗಿಸಿಯೇ ಹೋಗುದು ಅಂತ ಮಾಡಿದ್ದೇನೆ."

ಆ ಗಳಿಗೆಯಲ್ಲಿ ನನಗೊಂದು ವಿಷಯ ಹೊಳೆಯಿತು. ಇಷ್ಟು ವರ್ಷಗಳಲ್ಲಿ ಶೇಖರಣ್ಣ ಬಿಸಿ ಬಂಗುಡೆ ತಿಂದದ್ದನ್ನು ನಾನು ನೋಡಿಯೇ ಇಲ್ಲ. ಎಲ್ಲರಿಗೂ ಸುಟ್ಟು ಕೊಟ್ಟು, ಕೆಂಡ ಆರಿದ ಮೇಲೆ, ತಣ್ಣಗಾದ ಬಾಲದ ತುಂಡನ್ನು ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳುವವರು ಅವರು.

"ಈ ಸಲ ನೀವು ಇಕ್ಕಳ ಮುಟ್ಟುವ ಹಾಗಿಲ್ಲ ಶೇಖರಣ್ಣ. ಕುರ್ಚಿಯಲ್ಲಿ ಕೂತು ಮ್ಯಾಚ್ ನೋಡ್ಬೇಕು. ಬಿಸಿ ಬಂಗುಡೆ ನಿಮ್ಮ ಕೈಗೆ ಬರ್ತದೆ."

"ಯಾರು ಸುಡುದು?"

"ನಾನು."

ಚಹಾ ತರುತ್ತಿದ್ದ ನನ್ನ ಹೆಂಡತಿ ಸುಮಿತ್ರಾ ಬಾಗಿಲಲ್ಲೇ ತಿರುಗಿ ಅಡುಗೆಮನೆಗೆ ವಾಪಸ್ ಹೋದಳು. ನಗು ಮುಗಿಸಿ ಬರಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಮೊಟ್ಟೆ ಬೇಯಿಸ್ಲಿಕ್ಕೆ ವೀಡಿಯೊ ನೋಡ್ತೀರಿ ನೀವು," ಎಂದಳು.

"ಅದು ನೀರಿನ ಕೆಲಸ. ಇದು ಬೆಂಕಿಯದ್ದು," ಎಂದೆ. ಈ ಉತ್ತರದಲ್ಲಿ ಏನೋ ಅರ್ಥವಿದೆ ಎಂದು ಆಗ ನನಗೆ ಅನಿಸಿತ್ತು.

ಶೇಖರಣ್ಣ ನನ್ನನ್ನು ನೋಡಿ, "ಆಯ್ತು. ಮಾತು ಕೊಟ್ಟೆ, ಇಕ್ಕಳ ಮುಟ್ಟುದಿಲ್ಲ," ಎಂದರು. ಆ ಮುಖದಲ್ಲಿ ಇದ್ದದ್ದು ಸಂತೋಷವಲ್ಲ, ಆತಂಕ ಎಂಬುದು ನನಗೆ ಆಮೇಲೆ ತಿಳಿಯಿತು.

ಪಂದ್ಯದ ಹಿಂದಿನ ದಿನ ಮೀನು ಮಾರ್ಕೆಟ್ಟಿಗೆ ಹೋದೆ. ಕಣ್ಣು ಹೊಳೆಯುವ ಬಂಗುಡೆಗಳನ್ನು ಆರಿಸಿ, ಶುಚಿ ಮಾಡುವ ಕಟ್ಟೆಯ ಮುಂದೆ ನಿಂತೆ. ಚೂರಿ ಹಿಡಿದವನು ಕೇಳಿದ, "ಕರಿಗೋ, ಫ್ರೈಗೋ, ಗ್ರಿಲ್ಲಿಗೋ?" ಇಂಥ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವುದು ನಾಗರಿಕನ ಕರ್ತವ್ಯ. "ಗ್ರಿಲ್ಲಿಗೆ," ಎಂದು ಹೇಳಿ ನಿಂಬೆಹಣ್ಣು ತರಲು ಹೋದೆ.

ಮನೆಗೆ ಬಂದು ಚೀಲ ಬಿಚ್ಚಿದ ಸುಮಿತ್ರಾ ಒಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಇದೆಂಥದು? ಬಂಗುಡೆಯಾ, ಪಂಚಾಂಗವಾ?"

ಇಲ್ಲಿಯ ಅರಬ್ಬರು ಮೀನನ್ನು ಬೆನ್ನಿನಿಂದ ಸೀಳಿ, ಅಗಲವಾಗಿ ಬಿಡಿಸಿ ಸುಡುತ್ತಾರೆ. ಅವರ ದೊಡ್ಡ ಮೀನಿಗೆ ಅದು ಚೆಂದ. ನಮ್ಮ ಬಂಗುಡೆ ಇಡಿಯಾಗಿ ಇರಬೇಕು, ಎರಡೂ ಬದಿ ಓರೆಯಾಗಿ ಗೆರೆ ಹಾಕಿ ಮಸಾಲೆ ತುಂಬಬೇಕು. ಚೂರಿಯವನು ನಾನು ಹೇಳಿದ್ದನ್ನೇ ಮಾಡಿದ್ದ. ನನ್ನ ಬಂಗುಡೆಗಳೆಲ್ಲ ನಡುವೆ ತೆರೆದ ಪುಸ್ತಕಗಳಾಗಿದ್ದವು, ಅದೂ ತೆಳ್ಳಗಿನ ಪುಸ್ತಕಗಳು.

"ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ಬೇಕೆಂದೇ ಮಾಡಿಸಿದ್ದು," ಎಂದೆ.

ಅವಳು ಮೀನನ್ನು ಚೀಲಕ್ಕೆ ಹಾಕಿ ಮಸಾಲೆ ಅರೆಯಲು ಹೋದಳು.

ಇನ್ನು ಇದ್ದಿಲು. ಗ್ರೋಸರಿಯಲ್ಲಿ ಸಾಧಾರಣ ಇದ್ದಿಲಿನ ದೊಡ್ಡ ಚೀಲಗಳಿದ್ದವು. ಅವುಗಳ ಪಕ್ಕದಲ್ಲಿ ಒಂದು ಚೆಂದದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ತೆಂಗಿನಮರ, ಕೆಳಗೆ ಒಡೆದ ತೆಂಗಿನಕಾಯಿ, ಗೆರಟೆಯಿಂದ ಮಾಡಿದ್ದು ಎಂಬ ಘೋಷಣೆ. ನಾನು ಅಲ್ಲೇ ನಿಂತುಬಿಟ್ಟೆ. ಪಿಕಪ್ಪು, ಕಲ್ಲು, ಗೆರಟೆಯ ಕೆಂಡ, ಎಲ್ಲ ಕಣ್ಣ ಮುಂದೆ ಬಂತು. ಮರುಭೂಮಿಯ ಗ್ರೋಸರಿಯೊಂದು ನನ್ನ ಹಳೆಯ ದಿನಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಇಟ್ಟಿದೆ! ಒಳಗಿದ್ದದ್ದು ಸಕ್ಕರೆ ಕ್ಯೂಬುಗಳ ಹಾಗೆ ಒಂದೇ ಅಳತೆಗೆ ಕತ್ತರಿಸಿದ ಕಪ್ಪು ಚೌಕಗಳು. ಎಂಥ ಶಿಸ್ತು ಎಂದು ಮೆಚ್ಚಿ, ಕಪಾಟು ಖಾಲಿಯಾಗುವಷ್ಟು ಪೆಟ್ಟಿಗೆ ತೆಗೆದುಕೊಂಡೆ. ಗಲ್ಲಾದಲ್ಲಿದ್ದ ಮಲಯಾಳಿ ನನ್ನನ್ನು ಗೌರವದಿಂದಲೋ ಮರುಕದಿಂದಲೋ ನೋಡಿದ.

ಮರುದಿನ ಖಲೀಫಾ ಸಿಟಿಯ ಬಯಲಿಗೆ ತಲುಪಿದೆವು. ಅಲ್ಲಿ ಬೆಂಕಿ ಹಾಕಲು ಜಾಗ ಗುರುತು ಮಾಡಿದ್ದಾರೆ, ಮೂಲೆಯಲ್ಲಿ ಸಿಮೆಂಟು ಹಾಕಿದ ಒಂದು ಕಟ್ಟೆ. ಆದರೆ ಅಲ್ಲಿಂದ ಪಂದ್ಯ ಕಾಣುವುದಿಲ್ಲ. ಶೇಖರಣ್ಣ ಪಂದ್ಯ ನೋಡುತ್ತಾ ಬಿಸಿ ಮೀನು ತಿನ್ನಬೇಕು ಎಂಬುದು ನನ್ನ ಯೋಜನೆಯ ಹೃದಯಭಾಗ. ಆದ್ದರಿಂದ ಬೌಂಡರಿ ಗೆರೆಯ ಪಕ್ಕದಲ್ಲೇ ಗ್ರಿಲ್ ಇಟ್ಟೆ. ಅದರ ಮುಂದೆ ಮಡಚುವ ಕುರ್ಚಿ ಬಿಡಿಸಿ, ಶೇಖರಣ್ಣನನ್ನು ಕೈಹಿಡಿದು ಕೂರಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಮದುವೆಗೆ ಬಂದವರ ಹಾಗೆ. ಅವರು ಅಲ್ಲಿ ಅಂಥ ಅಂಗಿ ಹಾಕಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಚೌಕಗಳನ್ನು ಗೋಪುರದ ಹಾಗೆ ಜೋಡಿಸಿ ಕಡ್ಡಿ ಗೀರಿದೆ. ಕಡ್ಡಿ ಉರಿಯಿತು, ಚೌಕ ಉರಿಯಲಿಲ್ಲ. ಇನ್ನೊಂದು ಗೀರಿದೆ. ಪೇಪರು ತುರುಕಿದೆ. ಪೇಪರು ಉರಿದು ಬೂದಿಯಾಯಿತು, ಚೌಕಗಳು ಮೊದಲಿನಷ್ಟೇ ಶಿಸ್ತಿನಿಂದ ಕುಳಿತಿದ್ದವು. ಬೀಸಿದೆ, ಊದಿದೆ. ತಲೆ ತಿರುಗಿತು.

"ನಾನು ಹೇಳುದಲ್ಲ ದಿನೇಶ, ಆದರೂ..." ಶೇಖರಣ್ಣ ಶುರು ಮಾಡಿದರು.

"ನೀವು ಮ್ಯಾಚ್ ನೋಡಿ."

ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಮೈದಾನದ ಕಡೆ ತಿರುಗಿದರು. ಕೈಗಳು ತಾವಾಗಿಯೇ ಎದ್ದು ಬಂದುಬಿಡಬಹುದೆಂಬ ಭಯವಿರಬೇಕು.

ಅಷ್ಟರಲ್ಲಿ ಬೌಂಡರಿಯಲ್ಲಿ ಫೀಲ್ಡಿಂಗಿಗೆ ನಿಂತಿದ್ದ ಅಬುಧಾಬಿ ತಂಡದ ಕ್ಯಾಪ್ಟನ್ ಅಶ್ರಫ್ ಓವರುಗಳ ನಡುವೆ ಬಂದ. ಖಲೀಫಾ ಸಿಟಿಯಲ್ಲಿ ಅವನದ್ದೊಂದು ಅಂಗಡಿಯಿದೆ. ಒಂದು ಚೌಕವನ್ನು ಎತ್ತಿ ತಿರುಗಿಸಿ ನೋಡಿದ.

"ಇದು ಹುಕ್ಕಾಕ್ಕೆ ಹಾಕುದಲ್ವಾ ಮಾರಾಯ?"

"ಗೆರಟೆಯದ್ದು," ಎಂದೆ.

"ಗೆರಟೆಯದ್ದೇ. ಹುಕ್ಕಾ ಸೇದುವವರು ಒಂದೆರಡು ಇಡ್ತಾರೆ. ನೀನು ಇಡೀ ಬುರ್ಜ್ ಕಟ್ಟಿದ್ದೀಯಲ್ಲ. ಇದು ಬೇಗ ಹೊತ್ತುದಿಲ್ಲ, ಸ್ಟವ್ ಮೇಲಿಟ್ಟು ಕೆಂಪು ಮಾಡ್ಬೇಕು. ನನ್ನ ಡಿಕ್ಕಿಯಲ್ಲಿ ಇದ್ದಿಲು ಉಂಟು, ತರ್ಲಾ?"

ಎದುರಾಳಿ ತಂಡದ ಕ್ಯಾಪ್ಟನ್ನನ ಇದ್ದಿಲು! ಸ್ವಾಭಿಮಾನ ಅಡ್ಡ ಬಂತು. ಬೇಡವೆಂದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಮೀನಿಗೆ ಸವರಲು ತಂದಿದ್ದ ತೆಂಗಿನೆಣ್ಣೆಯ ಬಾಟ್ಲಿ. ಗೆರಟೆಗೂ ಎಣ್ಣೆಗೂ ಒಂದೇ ಮನೆತನ. ಪರಸ್ಪರ ಸಹಕರಿಸದೆ ಇರುತ್ತವೆಯೇ? ಧಾರಾಳವಾಗಿ ಸುರಿದು, ಕೆಳಗೆ ಪೇಪರು ತುರುಕಿ, ಕಡ್ಡಿ ಗೀರಿದೆ.

ಸಹಕರಿಸಿದವು. ಬೆಂಕಿ ನನ್ನ ಎದೆಯೆತ್ತರಕ್ಕೆ ಎದ್ದಿತು. ಮೀಸೆಯ ಬಲಭಾಗ ಅಂದು ತೀರಿಕೊಂಡಿತು. ಮಗಳು ಸಾನ್ವಿ ಫೋನಿನಿಂದ ತಲೆಯೆತ್ತದೆ, "ಡ್ಯಾಡ್, ಯೂ ಆರ್ ಆನ್ ಫೈರ್," ಎಂದಳು. ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ.

ಉರಿ ಇಳಿದ ಮೇಲೆ ಮೂಲೆಯ ಕೆಲವು ಚೌಕಗಳು ನಿಜವಾಗಿಯೂ ಕೆಂಪಾಗಿದ್ದವು. ಗೆದ್ದೆ ಎಂದುಕೊಂಡು ಮೀನುಗಳನ್ನು ಸಾಲಾಗಿ ಮಲಗಿಸಿದೆ. ತೆಳ್ಳಗಿನ ಪುಸ್ತಕಗಳು ಕಂಬಿಗೆ ಅಂಟಿಕೊಂಡವು. ಎಣ್ಣೆಯೂ ಮಸಾಲೆಯೂ ಕೆಳಗೆ ತೊಟ್ಟಿಕ್ಕಿ ಹೊಗೆ ಎದ್ದಿತು. ಸಾಮಾನ್ಯ ಹೊಗೆಯಲ್ಲ. ಒಣಮೆಣಸಿನ ಹೊಗೆ. ಗಾಳಿ ಪಿಚ್ಚಿನ ಕಡೆಗೆ ಬೀಸುತ್ತಿತ್ತು.

ಮೊದಲು ಕೆಮ್ಮಿದವನು ವಿಕೆಟ್ ಕೀಪರ್. ಅದರ ಹಿಂದೆಯೇ ನಮ್ಮ ಒಳ್ಳೆಯ ಬ್ಯಾಟ್ಸ್‌ಮನ್ ಬೌಲ್ಡ್ ಆದ. ಚೆಂಡು ಕಾಣಲಿಲ್ಲ, ಔಟಲ್ಲ ಎಂದ. ಬೌಲರ್ ತನಗೂ ವಿಕೆಟ್ ಕಾಣಲಿಲ್ಲ, ಆದರೂ ಬಿದ್ದದ್ದು ತನ್ನ ಪ್ರತಿಭೆ ಎಂದ. ಅಂಪೈರ್ ಕಣ್ಣೊರೆಸಿಕೊಳ್ಳುತ್ತಾ, ತನಗೆ ಇಬ್ಬರೂ ಕಾಣಲಿಲ್ಲ ಎಂದು ತೀರ್ಪು ಕೊಟ್ಟು ಆಟ ನಿಲ್ಲಿಸಿದರು. ನಮ್ಮ ಪಂದ್ಯ ಮಳೆಯಿಂದ ನಿಂತದ್ದುಂಟು, ಮರಳುಗಾಳಿಯಿಂದ ನಿಂತದ್ದುಂಟು. ಬಂಗುಡೆಯಿಂದ ನಿಂತದ್ದು ಆ ದಿನ ಮಾತ್ರ.

ಹೊಗೆ ನೋಡಿ ಸೆಕ್ಯುರಿಟಿಯವರು ಬಂದರು. ಸಭ್ಯ ಮನುಷ್ಯ.

"ಭಾಯ್ ಸಾಬ್, ಇಧರ್ ಆಗ್ ಮನಾ ಹೈ. ಉಧರ್," ಎಂದು, ಬೆಂಕಿ ಹಾಕುವುದೇನಿದ್ದರೂ ಅಲ್ಲಿ ಎಂಬಂತೆ ಮೂಲೆಯ ಕಟ್ಟೆ ತೋರಿಸಿದರು.

"ಕೆಂಡ ಆರಿಸಿ ತಗೊಂಡು ಹೋಗುವ," ಎಂದ ಅಶ್ರಫ್.

ಇಷ್ಟು ಕಷ್ಟಪಟ್ಟು ಹೊತ್ತಿಸಿದ ಕೆಂಡವನ್ನು ಆರಿಸುವುದೇ? ಹಾಗೇ ಎತ್ತೋಣವೆಂದೆ. ಬಟ್ಟೆ ಸುತ್ತಿಕೊಂಡು ಆ ಕಡೆ ಅವನು, ಈ ಕಡೆ ನಾನು. "ಯಲ್ಲಾ" ಎಂದು ಎತ್ತಿದೆವು. ಅವನು ಎತ್ತರದ ಆಳು, ನಾನು ಅಷ್ಟಿಲ್ಲ. ಈ ಸಂಗತಿ ಇಬ್ಬರಿಗೂ ಮೊದಲೇ ಗೊತ್ತಿತ್ತು, ಆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಟ್ಟೆ ತಲುಪುವಷ್ಟರಲ್ಲಿ ಗ್ರಿಲ್ ನನ್ನ ಕಡೆಗೆ ವಾಲಿ, ಅಂಟಿಕೊಳ್ಳದೆ ಉಳಿದಿದ್ದ ಒಳ್ಳೆಯ ಮೀನುಗಳೆಲ್ಲ ಸಾಲಾಗಿ ಜಾರಿ ಮರಳಿಗೆ ಬಿದ್ದವು. ಕಂಬಿಯ ಮೇಲೆ ಉಳಿದದ್ದು ಅಂಟಿಕೊಂಡವು ಮಾತ್ರ.

ಸುಮಿತ್ರಾ ಮರಳಿನಲ್ಲಿ ಬಿದ್ದಿದ್ದನ್ನು ನೋಡಿದಳು, ನನ್ನನ್ನು ನೋಡಿದಳು. "ಹೋಗಲಿ ಬಿಡಿ," ಎಂದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಶೇಖರಣ್ಣ ಕುರ್ಚಿಯನ್ನು ತಾವೇ ಹೊತ್ತುಕೊಂಡು ಹಿಂದೆ ಬಂದಿದ್ದರು. ಮತ್ತೆ ಕೂತರು. ಮಾತು ಕೊಟ್ಟಿದ್ದರಲ್ಲ! ನಾನು ಚೂರಿಯಿಂದ ಕೆರೆದು ಕೆರೆದು, ಮೀನಿನ ಆಕಾರ ಸುಮಾರಾಗಿ ಉಳಿದಿದ್ದ ಒಂದನ್ನು ಬಿಡಿಸಿ, ಪಕ್ಕದಲ್ಲಿ ಈರುಳ್ಳಿಯಿಟ್ಟು, ನಿಂಬೆ ಹಿಂಡಿ, ಎರಡೂ ಕೈಯಿಂದ ಅವರ ಮುಂದೆ ಹಿಡಿದೆ. ಅವರು ಒಂದು ತುಂಡು ಮುರಿದು ಬಾಯಿಗಿಟ್ಟರು. ಹೊರಗಿನ ಕರಕಲು ಕರುಂ ಎಂದಿತು. ಒಳಗಿನದು ಏನೂ ಅನ್ನಲಿಲ್ಲ, ಏಕೆಂದರೆ ಅದು ಬೆಂದೇ ಇರಲಿಲ್ಲ. ಬಹಳ ಹೊತ್ತು ಅಗಿದರು.

"ಹೇಗುಂಟು ಶೇಖರಣ್ಣ?"

"ಉಪ್ಪು ಸರಿ ಉಂಟು," ಎಂದರು.

ಉಪ್ಪು ಹಾಕಿದ್ದು ಸುಮಿತ್ರಾ.

ಅಷ್ಟರಲ್ಲಿ ಮಕ್ಕಳು ಹಸಿವೆಂದು ಸುತ್ತುವರಿದರು, ಆಟಗಾರರೂ ತಟ್ಟೆ ಹಿಡಿದು ಬಂದರು. ಶೇಖರಣ್ಣ ನನ್ನ ಮುಖ ನೋಡಿದರು. ಸುಟ್ಟ ಮೀಸೆಯನ್ನು ನೋಡಿದರು. ಎದ್ದು ನಿಂತು, ಇಸ್ತ್ರಿ ಅಂಗಿಯ ತೋಳು ಮಡಚಿದರು.

"ಮಾತು ಕೊಟ್ಟದ್ದು ಇಕ್ಕಳ ಮುಟ್ಟುದಿಲ್ಲ ಅಂತ. ಮುಟ್ಟುದಿಲ್ಲ. ಅಶ್ರಫ್, ನಿನ್ನ ಇದ್ದಿಲು ತಾ. ಸುಮಿತ್ರಾ, ಮರಳು ಮುಟ್ಟದ ಮೀನು ಎಷ್ಟುಂಟು ಎಲ್ಲ ಕೊಡು. ಸಿಲ್ವರ್ ಪೇಪರ್ ಉಂಟಾ?"

ಕಂಬಿಗೆ ಅಂಟಿದ್ದ ಮೀನಿನ ಕರಕಲನ್ನೆಲ್ಲ ಉಜ್ಜಿ ತೆಗೆದು, ಒಳಗಿನ ಹಸಿ ತುಂಡುಗಳನ್ನು ಬಿಡಿಸಿದರು. ಪಾತ್ರೆಯ ತಳದ ಮಸಾಲೆ, ಈರುಳ್ಳಿ, ಬಾಟ್ಲಿಯಲ್ಲಿ ಉಳಿದಿದ್ದ ಎಣ್ಣೆ ಎಲ್ಲ ಸೇರಿಸಿ ಸಿಲ್ವರ್ ಪೇಪರಿನಲ್ಲಿ ಪೊಟ್ಟಣ ಕಟ್ಟಿದರು. ಹೊಸ ಕೆಂಡದ ಮೇಲಿಟ್ಟು ಬರಿಗೈಯಿಂದಲೇ ತಿರುಗಿಸತೊಡಗಿದರು. ಪೊಟ್ಟಣ ಬಿಚ್ಚಿದಾಗ ಎದ್ದ ಪರಿಮಳಕ್ಕೆ ಆಟ ಮುಂದುವರಿಸುವ ಮಾತನ್ನೇ ಯಾರೂ ಎತ್ತಲಿಲ್ಲ. ನೀರುದೋಸೆಯವರು ನೀರುದೋಸೆ ತಂದರು, ಪತ್ತಿರಿನವರು ಪತ್ತಿರ್ ತಂದರು. ಶೇಖರಣ್ಣ ಒಬ್ಬೊಬ್ಬರಿಗೂ ಇಷ್ಟಿಷ್ಟು ಬಡಿಸುತ್ತಾ, "ಬಿಸಿ ಇರುವಾಗ ತಿನ್ನಿ" ಎನ್ನುತ್ತಾ ಹೋದರು. ನನಗೂ ಬಡಿಸಿದರು. ಕಡೆಗೆ, ಎಲ್ಲರ ಕೈ ತೊಳೆದಾದ ಮೇಲೆ, ತಣ್ಣಗಾದ ಪೊಟ್ಟಣದ ಮೂಲೆಯನ್ನು ಬೆರಳಿನಿಂದ ಕೆರೆದು, ನಿಂತುಕೊಂಡೇ ನಾಲಿಗೆಗೆ ಹಚ್ಚಿಕೊಂಡರು. ಬಿಳಿ ಅಂಗಿಯ ಮೇಲೆ ಮಸಿ, ಅರಿಶಿನ, ಎಣ್ಣೆ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯೆಂದೆ. ಹೊಗೆ ಅಡಗಿ ಬಹಳ ಹೊತ್ತಾಗಿತ್ತು.

ಒಂದೇ ಒಂದು ದಿನ ಅವರನ್ನು ಕೂರಿಸಿ ಬಿಸಿ ಮೀನು ಬಡಿಸಬೇಕೆಂದಿದ್ದೆ. ಅದೂ ಆಗಲಿಲ್ಲ. ಮುಂದಿನ ತಿಂಗಳು ವಿಮಾನ ಹತ್ತಿ ಹೋದರು.

ಊರಿಗೆ ಹೋದ ಮೇಲೆ ವಾರಕ್ಕೊಮ್ಮೆ ಮಾತಾಡುತ್ತೇವೆ. ಈಗ ಅವರಿಗೆ ಬಿಸಿ ಮೀನಿಗೆ ಕೊರತೆಯಿಲ್ಲ. ಅವರ ಹೆಂಡತಿ ಗಿರಿಜಕ್ಕ, ಗಂಡ ಇಷ್ಟು ವರ್ಷ ಮರುಭೂಮಿಯಲ್ಲಿ ಬೆಂದು ಬಂದಿದ್ದಾನೆಂದು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲವಂತೆ.

"ಕೂತಲ್ಲಿಗೇ ತಂದು ಇಡ್ತಾಳೆ ಮಾರಾಯ. ಬಿಸಿ ಬಿಸಿ," ಎಂದರು ಶೇಖರಣ್ಣ.

"ಒಳ್ಳೆಯದಾಯ್ತಲ್ಲ ಶೇಖರಣ್ಣ."

"ಎಂಥ ಒಳ್ಳೆಯದು. ಕೂತು ಕೂತು ಸಾಕಾಯ್ತು. ಬಿಸಿ ತಿಂದ್ರೆ ನಾಲಿಗೆ ಸುಡ್ತದೆ. ನನಗೆ ತಣ್ಣಗಿನದ್ದೇ ಅಭ್ಯಾಸ. ನಿಮ್ಮ ಮ್ಯಾಚ್ ಯಾವಾಗ ಹೇಳು."

ಈ ಚಳಿಗಾಲದ ಪಂದ್ಯಕ್ಕೆ ಸಾಧಾರಣ ಇದ್ದಿಲು ಕೊಂಡೆ, ಮೀನಿಗೆ ಗೆರೆ ಮಾತ್ರ ಹಾಕಿಸಿದೆ, ಮೂಲೆಯ ಕಟ್ಟೆಯಲ್ಲೇ ಬೆಂಕಿ ಹಾಕಿದೆ. ವೀಡಿಯೊ ಕಾಲ್ ಹಚ್ಚಿ ಫೋನನ್ನು ಗ್ರಿಲ್ಲಿನ ಎದುರಿಗೆ, ನೀರಿನ ಕ್ಯಾನಿಗೆ ಒರಗಿಸಿ ಇಟ್ಟೆ. ಊರಿನ ಜಗಲಿಯಲ್ಲಿ ಕೂತ ಶೇಖರಣ್ಣ ಫೋನಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದರು. ಅವರ ಮೂಗು, ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಈಗ ತಿರುಗಿಸು. ಈಗ ಬೇಡ ಹೇಳಿದ್ದು. ಅಲ್ಲ, ಆ ಮೂಲೆಯದ್ದು. ಅಯ್ಯೋ ಅದಲ್ಲ, ಅದರ ಹತ್ತಿರದ್ದು. ಆಯ್ತು, ಅದು ಹೋಯ್ತು."

ಬೆವರು ಸುರಿಯುತ್ತಿತ್ತು. ಎರಡನೆಯ ಮೀನೂ ಕರಕಲಾದಾಗ ಫೋನಿನಲ್ಲಿ ಕಾಣುತ್ತಿದ್ದ ಆ ಒಂದು ಕಣ್ಣೂ ಮುಚ್ಚಿಕೊಂಡಿತು.

"ದಿನೇಶ," ಎಂದರು ಶೇಖರಣ್ಣ, ತುಂಬಾ ಪ್ರೀತಿಯಿಂದ. "ಇಕ್ಕಳ ಸುಮಿತ್ರಾನ ಕೈಗೆ ಕೊಡು. ನೀನು ಫೋನ್ ಹಿಡಿ."

ಕೊಟ್ಟೆ. ಹಿಡಿದೆ. ಸುಮಿತ್ರಾ ಇಕ್ಕಳ ಹಿಡಿದು ಅವರು ಹೇಳಿದ ಹಾಗೆ ತಿರುಗಿಸಿದಳು. ಮೀನು ಹೊಂಬಣ್ಣಕ್ಕೆ ಬಂತು, ಜನ ತಟ್ಟೆ ಹಿಡಿದು ಸೇರಿದರು, ಅಶ್ರಫ್ ಫೋನಿಗೆ ಕೈಬೀಸಿದ, ಆ ಕಡೆ ಶೇಖರಣ್ಣ ಜಗಲಿಯಲ್ಲೇ ಎದ್ದು ನಿಂತುಬಿಟ್ಟಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆ ಗದ್ದಲದ ಮಧ್ಯೆ ಅವರು ನನ್ನನ್ನು ಬೈಯುವುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಫೋನ್ ಸರಿ ಹಿಡಿ ಮಾರಾಯ. ಅದೂ ಅಲುಗಾಡ್ತಾ ಉಂಟಲ್ಲ!"